ಫೋನ್ ವಿಡಿಯೊಗೆ ಸಿನಿಮಾದ ಬಣ್ಣ ತರುವುದು ಹೇಗೆ?

ಕಾರವಾರದ ಕಡಲತೀರದಲ್ಲಿ ಸಂಜೆ ಹೊತ್ತು ರಂಪಣಿ ಬಲೆ ಎಳೆಯುವುದನ್ನು ನೋಡಿದ್ದೀರಾ? ಎರಡು ಕಡೆ ಸಾಲಾಗಿ ನಿಂತ ಜನ, ಹಿಂದಕ್ಕೆ ವಾಲಿದ ಮೈ, ನೀರು ಸೋರುವ ಹಗ್ಗ, ಅವರಾಚೆ ಕಡಲಿಗೆ ಇಳಿಯುವ ಸೂರ್ಯ. ಕಣ್ಣಿಗೆ ಅದು ಸಿನಿಮಾನೇ. ಫೋನಿನಲ್ಲಿ ಹಿಡಿದುಕೊಂಡು ಮನೆಗೆ ಬಂದು ನೋಡಿದರೆ ಮಾತ್ರ ಏನೋ ಕೈತಪ್ಪಿದೆ ಅನ್ನಿಸುತ್ತದೆ. ಸೂರ್ಯನಿಗೆ ಬೆನ್ನು ಹಾಕಿದವರ ಮುಖವೂ ಬೆಳ್ಳಗೆ, ನೆರಳೂ ಬೆಳ್ಳಗೆ. ಮರಳು ಗೀರಿದ ಹಾಗೆ ಚೂಪು. ಆಕಾಶಕ್ಕೆ ಕಿತ್ತಳೆ ಶರಬತ್ತಿನ ಬಣ್ಣ.

ಇದು ಫೋನಿನ ಸ್ವಭಾವ. ನೆರಳು ಕಂಡಲ್ಲೆಲ್ಲ ಬೆಳಕು ತುಂಬುತ್ತದೆ, ಅಂಚು ಕಂಡಲ್ಲೆಲ್ಲ ಹರಿತ ಮಾಡುತ್ತದೆ, ಬಣ್ಣದ ಮೇಲೆ ಇನ್ನೊಂದಿಷ್ಟು ಬಣ್ಣ ಸುರಿಯುತ್ತದೆ. ಹಾಗಾಗಿ ಕಲರ್ ಗ್ರೇಡಿಂಗ್, ಅಂದರೆ ತೆಗೆದ ವಿಡಿಯೊದ ಬೆಳಕು ಬಣ್ಣ ಹದಗೊಳಿಸುವುದು, ಬರೀ ಚಂದದ ಫಿಲ್ಟರ್ ಹಾಕುವ ಕೆಲಸ ಅಂದುಕೊಳ್ಳಬೇಡಿ. ಮುಕ್ಕಾಲು ಪಾಲು ಕೆಲಸ ಫೋನ್ ಹಾಕಿದ್ದನ್ನು ತೆಗೆಯುವುದೇ.

ನಮ್ಮ ಸಿನಿಮಾದವರು ಇದಕ್ಕೆ ‘ಡಿಐ’ ಅನ್ನುತ್ತಾರೆ, ಡಿಜಿಟಲ್ ಇಂಟರ್‌ಮೀಡಿಯೆಟ್. ರೀಲಿನ ಕಾಲದಲ್ಲಿ ನೆಗೆಟಿವ್ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬಣ್ಣ ಹದಗೊಳಿಸಿ, ಮತ್ತೆ ರೀಲಿಗೇ ಹಾಕುತ್ತಿದ್ದರು. ನಡುವಿನ ಆ ಹಂತದ ಹೆಸರದು. ರೀಲು ಹೋಯಿತು, ಹೆಸರು ಉಳಿಯಿತು.

ಮೊದಲು ಶೂಟಿಂಗ್ ಸರಿಯಾಗಲಿ

ಲೆನ್ಸ್ ಒರೆಸಿ. ಕಡಲ ಗಾಳಿಯ ಉಪ್ಪು ಹತ್ತು ನಿಮಿಷದಲ್ಲಿ ಗಾಜಿನ ಮೇಲೆ ಮಬ್ಬು ಕಟ್ಟುತ್ತದೆ. ಆ ಮಬ್ಬನ್ನು ಯಾವ ಸಾಫ್ಟ್‌ವೇರ್ ಕೂಡ ಸರಿಯಾಗಿ ತೆಗೆಯುವುದಿಲ್ಲ.

ಆಮೇಲೆ ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ, ಎಲ್ಲವನ್ನೂ ನಾವೇ ಹೊಂದಿಸುವ ಮೋಡ್ ಅದು. ನಿಮ್ಮ ಫೋನಿನಲ್ಲಿ ಅದು ಇಲ್ಲದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿ ಸಿಗುತ್ತದೆ. ಐಫೋನಿಗೂ ಇದೆ, ಹಲವು ಆಂಡ್ರಾಯ್ಡ್ ಫೋನುಗಳಿಗೂ ಇದೆ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು, 24 ಅಥವಾ 25 ಇಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ. ಮನೆಯೊಳಗೆ, ಬಲ್ಬಿನ ಬೆಳಕಿನಲ್ಲಿ ಶೂಟ್ ಮಾಡುವುದಾದರೆ ನಾನು 25 ಇಡುತ್ತೇನೆ. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟರೆ ದೀಪ ಮಿಣುಕುವ ಕಾಟ ಇರುವುದಿಲ್ಲ. ಶಟರ್‌ನ ಕೆಳಗಿನ ಅಂಕಿ ಆದಷ್ಟು ಫ್ರೇಮ್ ರೇಟ್‌ನ ಸುಮಾರು ಎರಡರಷ್ಟು ಇರಲಿ. ಬಲೆ ಎಳೆಯುವ ಕೈಯಲ್ಲಿ, ಅಲೆಯ ನೊರೆಯಲ್ಲಿ ಮೆತ್ತನೆಯ ಚಲನೆ ಬರುವುದು ಇದರಿಂದಲೇ.

ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ 1/50 ಇಟ್ಟರೆ ಎಲ್ಲಾ ಬಿಳಿ ಆಗಿಬಿಡುತ್ತದೆ, ಅಲ್ವಾ? ಫೋನಿನ ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ) ಸಾಮಾನ್ಯವಾಗಿ ಬದಲಾಗುವುದಿಲ್ಲ. ಎಫ್ 1.8 ಲೆನ್ಸ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 50 ಅಂದರೆ ಬಿಸಿಲಿಗೆ ಸುಮಾರು 1/4000 ಶಟರ್ ಬೇಕು. ಅದನ್ನು 1/50ಕ್ಕೆ ಇಳಿಸಬೇಕಾದರೆ ಎನ್‌ಡಿ 64 ಫಿಲ್ಟರ್ ಬೇಕಾಗುತ್ತದೆ. ಫೋನಿಗೆ ಹಾಕುವ ಕೂಲಿಂಗ್ ಗ್ಲಾಸ್ ಅನ್ನಿ. ಅದಿಲ್ಲದಿದ್ದರೆ ಬೆಳಿಗ್ಗೆ ಏಳರ ಒಳಗೆ, ಸಂಜೆ ಐದರ ಮೇಲೆ ಶೂಟ್ ಮಾಡಿ. ಆಗಲೂ ಶಟರ್ ಒಂದಿಷ್ಟು ಏರಿಸಬೇಕಾಗಬಹುದು, ಚಿಂತೆ ಇಲ್ಲ. ಮಳೆಗಾಲದ ಮೋಡದ ಬೆಳಕು ನನಗೆ ಇನ್ನೂ ಇಷ್ಟ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವಾಗ ಕಾರವಾರದ ಬೈತಖೋಲ ಬಂದರಿಗೆ ಹೋಗಿ ನೋಡಿ. ಒತ್ತೊತ್ತಾಗಿ ನಿಂತ ದೋಣಿಗಳ ಬಣ್ಣದ ಮೇಲೆ ಬೀಳುವ ಆ ತಣ್ಣನೆಯ ಬೆಳಕು ಗ್ರೇಡಿಂಗ್‌ಗೆ ಹೇಳಿ ಮಾಡಿಸಿದ್ದು.

ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಲಾಕ್ ಮಾಡುವುದನ್ನು ಮಾತ್ರ ಮರೆಯಬೇಡಿ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಗದ್ದೆಯಲ್ಲಿ ನಾನು ಒಮ್ಮೆ ಆಟೊದಲ್ಲೇ ಬಿಟ್ಟಿದ್ದೆ. ಶಾಟ್ ನಡುವೆ ಒಂದು ಮೋಡ ಹಾದುಹೋಯಿತು. ಉಪ್ಪಿನ ರಾಶಿ ನೀಲಿಯಿಂದ ನಿಧಾನವಾಗಿ ಕೆನೆ ಬಣ್ಣಕ್ಕೆ ತಿರುಗಿತು, ಅದೇ ಶಾಟ್‌ನಲ್ಲಿ. ಎರಡು ರಾತ್ರಿ ಕೂತರೂ ಅದು ಪೂರ್ತಿ ಸರಿಹೋಗಲಿಲ್ಲ. ಬಿಸಿಲಿಗೆ 5500 ಕೆಲ್ವಿನ್ ಇಟ್ಟು ಲಾಕ್ ಮಾಡಿ. ಸ್ವಲ್ಪ ತಪ್ಪಿದರೂ ಪರವಾಗಿಲ್ಲ, ಶಾಟ್ ಪೂರ್ತಿ ಒಂದೇ ರೀತಿ ತಪ್ಪಿದ್ದರೆ ತಿದ್ದುವುದು ಸುಲಭ.

ಎಚ್‌ಡಿಆರ್ (ಬೆಳಕು ನೆರಳಿನ ಅಂತರ ಹಿಗ್ಗಿಸುವ ಮೋಡ್) ಆಫ್ ಮಾಡಿ. ಎಕ್ಸ್‌ಪೋಶರ್ ಅನ್ನು ಆಕಾಶ ಬೆಳ್ಳಗೆ ಸುಟ್ಟುಹೋಗದಷ್ಟು ಇಳಿಸಿ. ನೆರಳನ್ನು ಆಮೇಲೆ ಒಂದಿಷ್ಟು ಎತ್ತಬಹುದು, ಸುಟ್ಟ ಆಕಾಶ ವಾಪಸ್ ಬರುವುದಿಲ್ಲ.

ಲಾಗ್ ಬಗ್ಗೆ ಒಂದು ಮಾತು. ಐಫೋನ್ 15 ಪ್ರೊದಿಂದ ಈಚೆಗಿನ ಪ್ರೊ ಫೋನುಗಳಲ್ಲಿ, ಕೆಲವು ಆಂಡ್ರಾಯ್ಡ್‌ಗಳಲ್ಲಿ ಲಾಗ್ ರೆಕಾರ್ಡಿಂಗ್ ಇದೆ. ಚಿತ್ರ ಬೂದು ಬಳಿದ ಹಾಗೆ ಕಾಣುತ್ತದೆ, ಆದರೆ ಬೆಳಕು ನೆರಳಿನ ವಿವರ ಜಾಸ್ತಿ ಉಳಿಯುತ್ತದೆ. 10 ಬಿಟ್ ಇದ್ದರೆ ಮಾತ್ರ ಲಾಗ್ ಬಳಸಿ. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಮೆಟ್ಟಿಲು ಕಡಿಮೆ ಇರುವ ಕಡೆ ಹಿಗ್ಗಿಸಿದರೆ ಸಂಜೆಯ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ.

ಬೆಳಕು ಮೊದಲು, ಬಣ್ಣ ಆಮೇಲೆ

ಕಂಪ್ಯೂಟರ್ ಇದ್ದವರಿಗೆ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಸಾಕು, ಉಚಿತ ಆವೃತ್ತಿಯಲ್ಲೇ ಇಲ್ಲಿ ಹೇಳುವ ಹೆಚ್ಚಿನ ಕೆಲಸ ಆಗುತ್ತದೆ. ಇಲ್ಲದವರು ವಿಎನ್, ಕೈನ್‌ಮಾಸ್ಟರ್‌ನಂಥ ಆ್ಯಪ್‌ಗಳಲ್ಲಿ ಇದೇ ಕ್ರಮ ಹಿಡಿಯಬಹುದು, ಹಿಡಿತ ಮಾತ್ರ ಕಡಿಮೆ.

ಕೋಣೆಯ ಬೆಳಕು ಮಂದ ಮಾಡಿ. ಸ್ಕ್ರೀನ್‌ನ ನೈಟ್ ಲೈಟ್ ಆಫ್ ಇರಲಿ. ರಿಸಾಲ್ವ್‌ನ ಕಲರ್ ಪೇಜ್‌ಗೆ ಹೋಗಿ, ಬೆಳಕು ಬಣ್ಣವನ್ನು ಅಳೆದು ತೋರಿಸುವ ಸ್ಕೋಪ್ ತೆರೆಯಿರಿ. ಕಣ್ಣು ಐದು ನಿಮಿಷದಲ್ಲಿ ಯಾವ ಬಣ್ಣಕ್ಕೂ ಒಗ್ಗಿಹೋಗುತ್ತದೆ, ಸ್ಕೋಪ್ ಒಗ್ಗುವುದಿಲ್ಲ.

ಲಾಗ್ ವಿಡಿಯೊ ಆಗಿದ್ದರೆ ಕಟ್ಟಕಡೆಯ ನೋಡ್‌ನಲ್ಲಿ (ಒಂದೊಂದು ತಿದ್ದುಪಡಿಗೆ ಒಂದೊಂದು ನೋಡ್, ಸಾಲಾಗಿ) ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ಹಾಕಿ ಸಾಮಾನ್ಯ ಸ್ಕ್ರೀನಿನ ಬಣ್ಣವಾದ ರೆಕ್ 709ಕ್ಕೆ ಬದಲಿಸಿ, ಉಳಿದ ಕೆಲಸವನ್ನು ಅದಕ್ಕಿಂತ ಹಿಂದಿನ ನೋಡ್‌ಗಳಲ್ಲಿ ಮಾಡಿ. ಸಾಮಾನ್ಯ ವಿಡಿಯೊಗೆ ಇದು ಬೇಡ.

ಮೊದಲ ನೋಡ್‌ನಲ್ಲಿ ಬರೀ ಸಮತೋಲ. ಫ್ರೇಮಿನಲ್ಲಿ ಬಿಳಿ ಯಾವುದು ಹುಡುಕಿ. ಪಂಚೆ, ಉಪ್ಪಿನ ರಾಶಿ, ಸುಣ್ಣ ಬಳಿದ ಗೋಡೆ, ಯಾವುದಾದರೂ ಸರಿ. ಪರೇಡ್ ಸ್ಕೋಪ್‌ನಲ್ಲಿ ಆ ಜಾಗದ ಕೆಂಪು, ಹಸಿರು, ನೀಲಿ ಮೂರೂ ಒಂದೇ ಎತ್ತರಕ್ಕೆ ಬರುವ ಹಾಗೆ ಗೇನ್ (ಬೆಳಕಿನ ಭಾಗದ ಚಕ್ರ) ತಿರುಗಿಸಿ. ಮುಳುಗುವ ಸೂರ್ಯನ ಶಾಟ್‌ಗೆ ಮಾತ್ರ ಇದನ್ನು ಪೂರ್ತಿ ಮಾಡಬೇಡಿ. ಆ ಹೊತ್ತಿನ ಪಂಚೆ ಹಳದಿಯೇ ಇರಬೇಕು.

ಎರಡನೇ ನೋಡ್ ನೆರಳಿಗೆ. ಸಿನಿಮಾದ ಗುಟ್ಟು ಹೆಚ್ಚಾಗಿ ಇಲ್ಲೇ ಇದೆ. ಕರ್ವ್ ಎಂಬ ಗೆರೆಯಲ್ಲಿ ನೆರಳಿನದಾದ ಕೆಳಗಿನ ಭಾಗವನ್ನು ಇಳಿಸಿ, ಮೇಲಿನದನ್ನು ಒಂಚೂರು ಏರಿಸಿ. ಬಲೆ ಎಳೆಯುವವರ ಬೆನ್ನು ಕತ್ತಲಾಗಲಿ, ಹೆದರಬೇಡಿ. ಭುಜದ ಅಂಚಿನಲ್ಲಿ ಬಿಸಿಲಿನ ಗೆರೆಯೊಂದು ಉಳಿದರೆ ಸಾಕು, ಆ ಮೈಯ ಬಲವೆಲ್ಲ ಅದರಲ್ಲೇ ಕಾಣುತ್ತದೆ. ಆಮೇಲೆ ಕರ್ವ್‌ನ ಕೆಳತುದಿಯನ್ನು ಸ್ವಲ್ಪ ಮೇಲಕ್ಕೆ, ಮೇಲ್ತುದಿಯನ್ನು ಸ್ವಲ್ಪ ಕೆಳಕ್ಕೆ ತನ್ನಿ. ರಿಸಾಲ್ವ್‌ನ ಸ್ಕೋಪ್ 0ಯಿಂದ 1023. ಬಿಳಿ 950ರ ಆಸುಪಾಸಿನಲ್ಲಿ ನಿಲ್ಲಲಿ, ಕಪ್ಪು ಸೊನ್ನೆಯಿಂದ ಒಂದಿಷ್ಟು ಮೇಲಿರಲಿ. ರೀಲಿನಲ್ಲಿ ಬೆಳಕು ಥಟ್ಟನೆ ಬಿಳಿಗೆ ಬಡಿಯುವುದಿಲ್ಲ, ಮೆಲ್ಲನೆ ಕರಗುತ್ತದೆ.

ತೋಟದ ಹಸಿರು

ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಎಷ್ಟು ಹಸಿರಿದೆ ಎಣಿಸಿ ನೋಡಿ. ಕಾಳುಮೆಣಸಿನ ಬಳ್ಳಿಯದು ಕಡುಹಸಿರು. ಬಾಳೆಯದು ಬೆಳಕು ತೂರಿ ಬಂದ ಎಳೆಹಸಿರು. ಮರದ ಬುಡದ ಪಾಚಿಯದು ಕಪ್ಪುಹಸಿರು. ಫೋನಿಗೆ ಇವೆಲ್ಲ ಒಂದೇ, ಗಿಳಿಹಸಿರು. ಅದರ ಮೇಲೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದರೆ ತೋಟ ಪ್ಲಾಸ್ಟಿಕ್ ಹೂಮಾಲೆಯಂತೆ ಕಾಣುತ್ತದೆ.

ಕಾರಣ ತಿಳಿದರೆ ತಿದ್ದುವುದು ಸುಲಭ. ರೀಲಿನಲ್ಲಿ ಬಣ್ಣ ಮೂಡುವುದು ಸಯಾನ್, ಮೆಜೆಂಟಾ, ಹಳದಿ ಎಂಬ ಮೂರು ಡೈಗಳಿಂದ. ಪ್ರೊಜೆಕ್ಟರಿನ ಬಿಳಿ ಬೆಳಕು ಇವುಗಳ ಮೂಲಕ ಹಾಯುವಾಗ ಡೈ ಒಂದಿಷ್ಟು ಬೆಳಕನ್ನು ತಡೆಯುತ್ತದೆ. ಬಣ್ಣ ಗಾಢವಾಗಬೇಕಾದರೆ ಡೈ ಜಾಸ್ತಿ ಬೇಕು, ಡೈ ಜಾಸ್ತಿಯಾದರೆ ಬೆಳಕು ಕಡಿಮೆ. ಕೆಂಪಡಿಕೆಗೆ ಚೊಗರು (ಅಡಿಕೆ ಬೇಯಿಸಿದ ಬಣ್ಣದ ನೀರು) ಹಾಕುವುದನ್ನು ನೆನಪಿಸಿಕೊಳ್ಳಿ. ಚೊಗರು ಮಂದವಾದಷ್ಟೂ ಅಡಿಕೆ ಕಡುಗೆಂಪಾಗಿ ಕಪ್ಪಿನ ಕಡೆ ಹೋಗುತ್ತದೆ, ಹೊಳೆಯುವ ಕೆಂಪಾಗುವುದಿಲ್ಲ. ಫೋನಿನ ಸ್ಕ್ರೀನ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಬಣ್ಣವೇ ಬೆಳಕು. ಗಾಢ ಮಾಡಲು ಹೋದರೆ ಉರಿಯುತ್ತದೆ.

ಹಾಗಾಗಿ ಮೂರನೇ ನೋಡ್‌ನಲ್ಲಿ ಹ್ಯೂ ವರ್ಸಸ್ ಲಮ್ ಕರ್ವ್ ತೆರೆದು ಹಸಿರಿನ ಬೆಳಕನ್ನು ತಗ್ಗಿಸಿ. ಬಣ್ಣದ ಗಾಢತೆ ಬದಲಿಸುವ ಹ್ಯೂ ವರ್ಸಸ್ ಸ್ಯಾಟ್‌ನಲ್ಲಿ ಹಸಿರನ್ನೂ ಹಳದಿ ಮಿಶ್ರಿತ ಹಸಿರನ್ನೂ ಕೆಳಗೆ ಎಳೆಯಿರಿ. ಸ್ವಲ್ಪ ಸ್ವಲ್ಪವೇ ಎಳೆಯಿರಿ, ಜಾಸ್ತಿಯಾದರೆ ಎಲೆಯ ಅಂಚಿನಲ್ಲಿ ಕಲೆ ಏಳುತ್ತದೆ. ಮಳೆ ನಿಂತ ಮೇಲಿನ ತೋಟದ ತೂಕ ಆ ಹಸಿರಿಗೆ ಬರುವುದು ಕಣ್ಣಿಗೇ ಕಾಣುತ್ತದೆ. ಸಮುದ್ರದ ನೀಲಿಗೂ ಇದೇ ಉಪಾಯ.

ಮುಖ

ನಮ್ಮನೆ ಆಯಿ ಜಗಲಿಯಲ್ಲಿ ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಇಟ್ಟುಕೊಂಡು ಅಡಿಕೆ ಸುಲಿಯುವಾಗ ತೆಗೆದ ಶಾಟ್ ಒಂದಿದೆ. ಎದುರಿನ ತೋಟದಿಂದ ಹಸಿರು ಬೆಳಕು ಅವಳ ಕೆನ್ನೆಗೆ ಹೊಡೆದು ಮುಖ ಕಾಮಾಲೆ ಬಂದ ಹಾಗಿತ್ತು. ಬರಿಗಣ್ಣಿಗೆ ಅದು ಗೊತ್ತೇ ಆಗಿರಲಿಲ್ಲ. ಇಂಥ ಕಡೆ ಕ್ವಾಲಿಫೈಯರ್‌ನಿಂದ ಚರ್ಮದ ಬಣ್ಣವನ್ನು ಆರಿಸಿ, ಮುಖದ ಸುತ್ತ ಪವರ್ ವಿಂಡೊ ಎಂಬ ಆವರಣ ಹಾಕಿ, ಮುಖ ಚಲಿಸಿದಂತೆ ಅದೂ ಚಲಿಸಲು ಟ್ರ್ಯಾಕ್ ಮಾಡಿ. ಬಣ್ಣ ಯಾವ ದಿಕ್ಕಿಗಿದೆ ತೋರಿಸುವ ವೆಕ್ಟರ್‌ಸ್ಕೋಪ್‌ನಲ್ಲಿ ಸ್ಕಿನ್ ಟೋನ್ ಗೆರೆ ಆನ್ ಮಾಡಿ. ಮೈಬಣ್ಣ ಕಪ್ಪಿರಲಿ, ಬಿಳಿ ಇರಲಿ, ಸಾಮಾನ್ಯ ಬೆಳಕಿನಲ್ಲಿ ಹೆಚ್ಚುಕಮ್ಮಿ ಅದೇ ಗೆರೆಯ ಹತ್ತಿರ ಬೀಳುತ್ತದೆ. ಒಂಚೂರು ಮೆಜೆಂಟಾ ಕಡೆ ತಳ್ಳಿದ ಕೂಡಲೇ ಆಯಿಯ ಮುಖಕ್ಕೆ ರಕ್ತ ಬಂತು. ದಯವಿಟ್ಟು ಮೈಬಣ್ಣವನ್ನು ಬಿಳಿ ಮಾಡಲು ಮಾತ್ರ ಹೋಗಬೇಡಿ. ಬಿಸಿಲಲ್ಲಿ ದುಡಿದ ಮುಖದ ಕಂದು ಬಣ್ಣ ಸಿನಿಮಾದ ಬೆಳಕಿನಲ್ಲಿ ಎಷ್ಟು ಚಂದ!

ಕೊನೆಯ ಕೈಕೆಲಸ

ನೆರಳಿಗೆ ಒಂಚೂರು ನೀಲಿಹಸಿರು, ಬೆಳಕಿಗೆ ಒಂಚೂರು ಹಳದಿಗೆಂಪು ಕೊಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಚರ್ಮ ಕಿತ್ತಳೆಯ ಬಳಗದ್ದು, ಅದರ ಎದುರು ಬಣ್ಣ ನೀಲಿಹಸಿರು, ಹಾಗಾಗಿ ಮುಖ ಎದ್ದು ಕಾಣುತ್ತದೆ. ಆದರೆ ನಮ್ಮಲ್ಲಿ ಕೆಂಪು ಚಿರೇಕಲ್ಲಿನ ಗೋಡೆ, ಹೆಂಚಿನ ಮಾಡು, ಸುತ್ತ ಹಸಿರು ಮೊದಲೇ ಇವೆ. ಎದುರು ಬಣ್ಣ ಊರೇ ಕೊಟ್ಟಿದೆ. ಮಿರ್ಜಾನ್ ಕೋಟೆಯ ಶಾಟ್‌ಗಳಿಗೆ ನಾನು ಇದನ್ನು ಹಾಕುವುದೇ ಇಲ್ಲ.

ರಿಸಾಲ್ವ್‌ನ ಫಿಲ್ಮ್ ಲುಕ್ಸ್ ಫೋಲ್ಡರ್‌ನಲ್ಲಿ ಕೊಡ್ಯಾಕ್ 2383 ಎಂಬ ಎಲ್‌ಯುಟಿ (ಸಿದ್ಧ ಬಣ್ಣದ ಫೈಲು) ಇದೆ, ರೀಲಿನ ಪ್ರಿಂಟ್‌ನ ಬಣ್ಣ ಕೊಡುವಂಥದ್ದು. ಸುಮ್ನೆ ಎಳೆದು ಹಾಕಿದರೆ ಮುಖ ಸುಟ್ಟ ಹಾಗಾಗುತ್ತದೆ, ಏಕೆಂದರೆ ಅದು ಕೇಳುವುದು ಸಿನಿಯಾನ್ ಲಾಗ್, ಅಂದರೆ ಸ್ಕ್ಯಾನ್ ಮಾಡಿದ ರೀಲಿನ ಲಾಗ್ ರೂಪ. ಅದರ ಹಿಂದಿನ ನೋಡ್‌ನಲ್ಲಿ ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ಹಾಕಿ (ಲಾಗ್ ವಿಡಿಯೊ ಆದರೆ ರೆಕ್ 709ರ ಬದಲಿಗೆ ಇದು), ಔಟ್‌ಪುಟ್ ಗಾಮಾವನ್ನು ಸಿನಿಯಾನ್ ಫಿಲ್ಮ್ ಲಾಗ್ ಮಾಡಿ, ಆಮೇಲೆ ಇದನ್ನು ಹಾಕಿ.

ಫೋನಿನ ಅತಿ ಚೂಪು ತೆಗೆಯಲು ಮಿಡ್‌ಟೋನ್ ಡಿಟೇಲ್ ಅನ್ನು ಮೈನಸ್ 20ರ ಹತ್ತಿರ ಇಳಿಸಿ. ಇಲ್ಲವಾದರೆ ಬ್ಲರ್ ರೇಡಿಯಸ್ ಅನ್ನು 0.50ರಿಂದ 0.52ಕ್ಕೆ ಏರಿಸಿ ನೋಡಿ. ಮರಳು ಮತ್ತೆ ಮರಳಾಗುತ್ತದೆ. ಗ್ರೇನ್ (ರೀಲಿನಂಥ ಕಣಕಣ) ಹಾಕುವುದಾದರೆ ತೀರಾ ಕಡಿಮೆ, ಅಪ್‌ಲೋಡ್ ಆಗುವಾಗ ಅದೇ ಗಲೀಜಾಗುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕುವ ಅಗತ್ಯವಿಲ್ಲ.

ಒಂದು ಶಾಟ್ ಮುಗಿದ ಮೇಲೆ ಸ್ಟಿಲ್ ಗ್ರ್ಯಾಬ್ ಮಾಡಿ ಗ್ಯಾಲರಿಯಲ್ಲಿ ಇಟ್ಟುಕೊಂಡು, ಉಳಿದ ಶಾಟ್‌ಗಳನ್ನು ಅದರ ಪಕ್ಕದಲ್ಲಿಟ್ಟು ಹೊಂದಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬನ್ನಿ, ಕಣ್ಣು ತಾಜಾ ಆಗುತ್ತದೆ.

ರೆಂಡರ್ ಆದ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ವಿಡಿಯೊ ಆಗಿ ಬೇಡ. ನಾನು ಮೊದಲು ಕಳಿಸುವುದು ಆಯಿಯ ಹಳೇ ಫೋನಿಗೆ. ಅವಳು ಅಂಗಳದ ಬೆಳಕಿನಲ್ಲಿ ನಿಂತು ನೋಡುತ್ತಾಳೆ, ಮಂದ ಕೋಣೆಯಲ್ಲಿ ಅಲ್ಲ. ಅಲ್ಲಿ ಮೆಟ್ಟುಗತ್ತಿ ಹಿಡಿದ ಕಾಲು ಕತ್ತಲಲ್ಲಿ ಕಾಣದಿದ್ದರೆ ಗಾಮಾ (ನಡುವಿನ ಬೆಳಕಿನ ಚಕ್ರ) ಒಂದೆರಡು ಪಾಯಿಂಟ್ ಏರಿಸಿ ಇನ್ನೊಮ್ಮೆ ರೆಂಡರ್ ಹಾಕಿ.