ಏಲಕ್ಕಿ ಬಾಕಿ: ಮಂಗಳೂರು–ಏಡನ್ ವ್ಯಾಜ್ಯವನ್ನು ತರಗತಿಗೆ ತಂದದ್ದು

ಬಿ.ಎ. ಮಕ್ಕಳಿಗೆ ಮಧ್ಯಯುಗದ ಕಡಲ ವ್ಯಾಪಾರವನ್ನು ನಾನು ಬಹಳ ವರ್ಷ ರಾಜರು, ರಾಯಭಾರಿಗಳು, ಕಾಣಿಕೆಗಳು ಎಂದೇ ಪಾಠ ಮಾಡಿದೆ. ಅಬ್ರಹಾಂ ಬೆನ್ ಯಿಜುವಿನ ಕಾಗದಗಳ ಅನುವಾದ ಓದಿದ ಮೇಲೆ ಅದು ಸಾಲದು ಅನಿಸಿತು.

ಟ್ಯುನೀಷಿಯಾದ ಈ ಯಹೂದಿ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. 1149ರಲ್ಲಿ ಯೆಮನ್‌ನ ಬಂದರು ಏಡನ್‌ಗೆ ಮರಳಿದ. ದೇವರ ಹೆಸರಿರುವ ಕಾಗದವನ್ನು ಹಾಳುಮಾಡಬಾರದೆಂಬ ನಂಬಿಕೆಯಿಂದ ಕೈರೋದ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಒಂದರ ಕೋಣೆಯಲ್ಲಿ ತುಂಬಿಟ್ಟ ರಾಶಿಯಲ್ಲಿ ಅವನ ಪತ್ರಗಳೂ ಉಳಿದವು. ಹೀಬ್ರೂ ಲಿಪಿ, ಅರಬ್ಬೀ ಭಾಷೆ.

ಅವುಗಳಲ್ಲೊಂದು ಜಗಳವಿದೆ. 'ಕಾರ್ದಾರ' ಎಂದು ಕರೆಸಿಕೊಂಡ ಇಲ್ಲಿನ ಒಬ್ಬನು ಮುಂಗಡ ತೆಗೆದುಕೊಂಡು ಏಲಕ್ಕಿ ಕೊಡಲಿಲ್ಲ. ಯಾವ ಅರಸ ತೀರ್ಪು ಕೊಟ್ಟ ಎಂದು ನಾನು ಮೊದಲು ಆಗ ಇಲ್ಲಿ ಆಳುತ್ತಿದ್ದ ಆಳುಪರ ಕಡೆ ಹುಡುಕಹೊರಟೆ. ಅದು ನನ್ನ ತಪ್ಪು. ಆಮೇಲೆ ಯಾರು ಯಾರಿಗೆ ಬಾಕಿ ಎಂದು ಒಂದು ಹಾಳೆಯಲ್ಲಿ ಗೆರೆ ಎಳೆದೆ. ಆಗ ವಿಷಯ ಬಿಚ್ಚಿಕೊಂಡಿತು: ವ್ಯಾಜ್ಯ ಒಂದಲ್ಲ, ಎರಡು. ಒಂದು ಕಾರ್ದಾರನಿಗೂ ಬೆನ್ ಯಿಜುವಿಗೂ, ಇನ್ನೊಂದು ಈ ನಷ್ಟ ಯಾರದೆಂದು ಬೆನ್ ಯಿಜುವಿಗೂ ಏಡನ್‌ನವರಿಗೂ. ಏಡನ್‌ನ ವ್ಯಾಪಾರಿ ಖಲಫ್ ಬೆನ್ ಯಿಜುವಿಗೆ, ಏಲಕ್ಕಿ ನಿನ್ನದು, ಅದರಲ್ಲಿ ನಮಗೆ ಪಾಲಿಲ್ಲ, ಅವನೊಡನೆ ನೀನೇ ಬಗೆಹರಿಸಿಕೋ ಎನ್ನುತ್ತಾನೆ. ಅಲ್ಲಿನ ಇನ್ನೊಬ್ಬ ವ್ಯಾಪಾರಿ ಯೂಸುಫ್ ಬೆನ್ ಅಬ್ರಹಾಂ ಬೇರೆ ದಾರಿ ಹೇಳುತ್ತಾನೆ: ಕಾರ್ದಾರ ಕೊಡದಿದ್ದರೆ ಏಡನ್‌ನಿಂದ ಖಂಡನೆಯ ಪತ್ರ ಬರುತ್ತದೆಂದು ಹೆದರಿಸು.

ಒಂದು ಪತ್ರಕ್ಕೆ ಅಷ್ಟು ಬಲವೆ? ನಮ್ಮ ಬಂದರಿನ ಒಬ್ಬ ಸಾಂಬಾರ ವ್ಯಾಪಾರಿಯ ಹತ್ತಿರ ಕೇಳಿದೆ. "ಕೋರ್ಟಿಗೆ ಹೋದ್ರೆ ವರ್ಷಗಟ್ಟಲೆ ಹಿಡೀತದೆ ಮಾಷ್ಟ್ರೇ. ಅಡ್ವಾನ್ಸ್ ನುಂಗಿದ್ದಾನೆ ಅಂತ ನಾಲ್ಕು ಅಂಗಡಿಗೆ ಗೊತ್ತಾದ್ರೆ ಸಾಕು, ಮತ್ತೆ ಅವನಿಗೆ ಒಂದು ರೂಪಾಯಿ ಹುಟ್ಟುವುದಿಲ್ಲ" ಎಂದರು. ಆ ಮಾತನ್ನು ಹಾಗೇ ತರಗತಿಗೆ ಒಯ್ದೆ.

ಮಕ್ಕಳನ್ನು ಮೂರು ಗುಂಪು ಮಾಡಿದೆ: ಏಡನ್‌ನವರು, ಬೆನ್ ಯಿಜು, ಕಾರ್ದಾರ. ಮೊದಲ ಎರಡು ಗುಂಪಿಗೆ ಪತ್ರಗಳ ಕನ್ನಡ ಸಾರ ಕೊಟ್ಟೆ. ಹಿಂಗಾರು ಗಾಳಿಯಲ್ಲಿ ಮಂಗಳೂರಿನಿಂದ ಹಡಗಿನಲ್ಲಿ ಹೋದ ಪತ್ರದ ಉತ್ತರಕ್ಕೆ ಮುಂಗಾರು ಗಾಳಿ ಬೀಸುವವರೆಗೆ ಕಾಯಬೇಕಲ್ಲ, ಅದಕ್ಕೇ ಒಂದು ಪತ್ರಕ್ಕೆ ಉತ್ತರ ಮರುದಿನದ ತರಗತಿಯಲ್ಲೇ ಎಂದು ನಿಯಮ ಮಾಡಿದೆ. ಆ ಕಾಯುವಿಕೆಯಿಂದಲೇ ಅವರಿಗೆ ಬೆನ್ ಯಿಜುವಿನ ಇಕ್ಕಟ್ಟು ಅರ್ಥವಾಯಿತು.

ಕಾರ್ದಾರನ ಗುಂಪಿಗೆ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ನಮ್ಮ ಕೈಗೆ ಬಂದಿರುವುದು ಅವನನ್ನು ಶಪಿಸಿದವರ ಕಾಗದಗಳು ಮಾತ್ರ. ಘಟ್ಟದ ಮೇಲಿನ ಊರಿನ ಒಬ್ಬಳು ಎದ್ದು ಕೇಳಿದಳು: "ಸರ್, ಆ ವರ್ಷ ಮಳೆ ಜಾಸ್ತಿಯಾಗಿ ಏಲಕ್ಕಿಗೆ ಕೊಳೆ ಬಂದಿದ್ರೆ?"

ಈಗ ಪ್ರತಿ ವರ್ಷ ಆ ಗುಂಪನ್ನೇ ಮೊದಲು ಮಾತಾಡಿಸುತ್ತೇನೆ.