800 ಎಲೆಯ ಅಡುಗೆ, ತೂಕಡಿಕೆ ಇಲ್ಲದೆ: ನನ್ನ ಅನುಭವ

ನಮ್ಮದು ಮದುವೆ ಹಾಲ್‌ಗಳಲ್ಲಿ ಅಡುಗೆ ಮಾಡುವ ತಂಡ; 800 ಎಲೆ ಅಂದರೆ 800 ಮಂದಿಯ ಊಟ. ಸರದಿ ನಿದ್ದೆಯ ಕ್ರಮ ಹದಕ್ಕೆ ಬಂದು ಎರಡು ಸೀಸನ್ ಕಳೆಯಿತು. ನಮ್ಮ ತಂಡದಲ್ಲಿ ಪಾಯಸ ಅಡಿ ಹಿಡಿದಿಲ್ಲ, ಹುಳಿಗೆ ಎರಡು ಸಲ ಉಪ್ಪು ಬಿದ್ದಿಲ್ಲ, ಕಾಯಿ ಹೆರೆಯುವ ಮೆಷಿನ್ನಿಗೆ ಯಾರ ಬೆರಳೂ ತಾಗಿಲ್ಲ. ಕೆಲಸದ ನಡುವೆ ಜನರನ್ನು ಸರದಿಯಲ್ಲಿ ಮಲಗಿಸುತ್ತೇನೆ ಅಂದಾಗ ಉಡುಪಿಯಿಂದ ಮೂಡುಬಿದಿರೆವರೆಗೆ ನಮ್ಮದೇ ಕಸುಬಿನವರು ನಕ್ಕದ್ದುಂಟು. "ಮಲಗಿದವನನ್ನು ಎಬ್ಬಿಸಲಿಕ್ಕೆ ಇನ್ನೊಬ್ಬ ಆಳು ಬೇಕು ಮಾರಾಯ್ರೆ" ಅಂದರು. ಹಾಗೆ ಅಂದವರಲ್ಲೇ ಇಬ್ಬರು ಈ ವರ್ಷ ಫೋನ್ ಮಾಡಿ ಟೈಮಿಂಗ್ ಕೇಳಿದರು. ಹಾಗಾಗಿ ಎಲ್ಲರಿಗೂ ಒಮ್ಮೆಗೇ ಬರೆದುಬಿಡುತ್ತೇನೆ.

ಹಳೆಯ ಕ್ರಮ ನಿಮಗೆ ಗೊತ್ತಿದ್ದದ್ದೇ. ಮುನ್ನಾದಿನ ಸಂಜೆ 5ಕ್ಕೆ ಹಾಲ್‌ನಲ್ಲಿ ಸಾಮಾನು ಇಳಿಸುವುದು, ನಡುರಾತ್ರಿವರೆಗೆ ತರಕಾರಿ ಕೊರೆಯುವುದು, ಆಮೇಲೆ ಎಲ್ಲರೂ ಒಟ್ಟಿಗೆ ಅಕ್ಕಿ ಗೋಣಿಗೆ ಒರಗಿ ಎರಡು ಗಂಟೆ ಬೀಳುವುದು. 2ಕ್ಕೆ ಒಲೆ ಹಚ್ಚಿದರೆ ಮರುದಿನ ಸಂಜೆ 4ಕ್ಕೆ ಪಾತ್ರೆ ಲೋಡ್. ಒಟ್ಟು 23 ಗಂಟೆ. ಇದರಲ್ಲಿ ಕೆಡುವುದು ಯಾವಾಗ ಎಂದು ಒಂದು ಸೀಸನ್ ಪೂರ್ತಿ ಚೀಟಿಯಲ್ಲಿ ಬರೆದಿಟ್ಟೆ. ಮುಕ್ಕಾಲು ಪಾಲು ತಪ್ಪು 3ರಿಂದ 5ರ ಒಳಗೆ, ಉಳಿದದ್ದು ಬೆಳಗಿನ ತಿಂಡಿ ಮುಗಿದು 10ರ ಆಸುಪಾಸಿಗೆ. ಊಟದ ಹೊತ್ತಿಗೆ ಗಲಾಟೆಯೇ ಎಚ್ಚರ ಇಡುತ್ತದೆ, ಅದರ ಚಿಂತೆ ಬೇಡ.

ಖರ್ಚಿನ ಲೆಕ್ಕ ಹೇಳಿದರೆ ಯಾಕೆ ಹಠ ಹಿಡಿದೆ ಎಂದು ಅರ್ಥವಾದೀತು. 40 ಲೀಟರಿನ ಒಂದು ಕೊಪ್ಪರಿಗೆ ಕಡಲೆಬೇಳೆ ಪಾಯಸ ಬೆಳಗಿನ ಜಾವ 4ಕ್ಕೆ ಅಡಿ ಹಿಡಿಯಿತು. ಬೇಳೆ 4 ಕಿಲೋ, ಬೆಲ್ಲ 7 ಕಿಲೋ, ಕಾಯಿ 40, ಗೋಡಂಬಿ 1 ಕಿಲೋ. ಸುಮಾರು 3,000 ರೂಪಾಯಿ ಅಲ್ಲೇ ಹೋಯಿತು. ಬದಲಿಗೆ ಶ್ಯಾವಿಗೆ ಪಾಯಸ ಮಾಡಲಿಕ್ಕೆ ಹಾಲು, ಸಕ್ಕರೆ ಎಂದು ಮತ್ತೆ ಒಂದೂವರೆ ಸಾವಿರ. ಸಟ್ಟುಗ ಹಿಡಿದವ ನಿಂತೇ ಇದ್ದ, ಕಣ್ಣೂ ತೆರೆದಿತ್ತು, ಕೈಯೂ ಆಡುತ್ತಿತ್ತು. ಆದರೆ ಸಟ್ಟುಗ ತಳಕ್ಕೆ ಮುಟ್ಟುತ್ತಿರಲಿಲ್ಲ, ಮೇಲಿನ ನಾಲ್ಕು ಇಂಚಿನಲ್ಲೇ ತಿರುಗುತ್ತಿತ್ತು. ನಿದ್ದೆಗೆಟ್ಟವನ ಗುರುತು ಕಣ್ಣಿನಲ್ಲಿ ಹುಡುಕಬೇಡಿ, ಸಟ್ಟುಗ ಎಷ್ಟು ಆಳ ಇಳಿಯುತ್ತದೆ ನೋಡಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ, ಕಾಫಿ ಹೆಚ್ಚಿಸಿದೆ. ಏಳೆಂಟು ಲೋಟ ಕುಡಿದರೂ 4ಕ್ಕೆ ತೂಕಡಿಕೆ ಇದ್ದೇ ಇತ್ತು. ಗುಟ್ಟು ಪುಡಿಯಲ್ಲಿತ್ತು. ಸಗಟಿನಲ್ಲಿ ಕಡಿಮೆ ಬೆಲೆಗೆ ಸಿಗುವ ಮಿಶ್ರಣದ ಪ್ಯಾಕೆಟ್ ತಿರುಗಿಸಿ ಓದಿ: ಕಾಫಿ 53, ಚಿಕೋರಿ 47. ಕಾಫಿ 51ಕ್ಕಿಂತ ಕೆಳಗೆ ಇಳಿಯಬಾರದು ಎಂದಷ್ಟೇ ಕಾನೂನು. ಚಿಕೋರಿಗೆ ಬಣ್ಣ ಉಂಟು, ಕಹಿ ಉಂಟು, ಕೆಫೀನ್ ಇಲ್ಲ. ಅರ್ಧ ಲೋಟ ಬರೀ ಬಣ್ಣದ ನೀರು ಕುಡಿದಂತೆ. ಮೇಲಿಂದ ಲೋಟಕ್ಕೆ ಎರಡು ಚಮಚ ಸಕ್ಕರೆ.

ಈಗ 80:20ರ ಪುಡಿ. ಎಂಟು ಮಂದಿಗೆ 35 ಗ್ರಾಂ ಪುಡಿಗೆ 220 ಎಂಎಲ್ ಕುದಿನೀರು. ಪುಡಿಯೇ ಸ್ವಲ್ಪ ನೀರು ಹಿಡಿದಿಟ್ಟುಕೊಳ್ಳುವುದರಿಂದ 150 ಎಂಎಲ್ ಡಿಕಾಕ್ಷನ್ ಇಳಿಯುತ್ತದೆ. ಒಬ್ಬೊಬ್ಬರಿಗೆ ಡಿಕಾಕ್ಷನ್ ನಾಲ್ಕು ಚಹಾ ಚಮಚದ ಹತ್ತಿರ, ಹಾಲು ಅದರ ಎರಡರಷ್ಟು, ಸಕ್ಕರೆ ಅರ್ಧ ಚಮಚ. 60 ಎಂಎಲ್ ಆಗುವ ಸಣ್ಣ ಸ್ಟೀಲ್ ಲೋಟ, ದೊಡ್ಡ ಲೋಟ ತೆಗೆದಿಟ್ಟಾಗಿದೆ. ಸಮಯ 2, 4, 6.30, 9.40. ನಾಲ್ಕೇ ಸಲ. 11ರ ನಂತರ ಕಾಫಿಯ ಡಬ್ಬಕ್ಕೆ ಬೀಗ. ಕುಡಿದದ್ದರ ಅರ್ಧ ಭಾಗ ಐದಾರು ಗಂಟೆ ನಂತರವೂ ಮೈಯಲ್ಲೇ ಇರುತ್ತದೆ. ಮಧ್ಯಾಹ್ನ 3ಕ್ಕೆ ಕುಡಿದವ ಮನೆಗೆ ಹೋಗಿ ರಾತ್ರಿ ಹೊರಳಾಡುತ್ತಾನೆ, ಮರುದಿನದ ಕೆಲಸಕ್ಕೆ ಹಾಗೆಯೇ ಬರುತ್ತಾನೆ. ಕಾಫಿಯ ಖರ್ಚು ಕಮ್ಮಿಯಾಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಕಾಫಿ ಬರೀ ಒಗ್ಗರಣೆ. ನಿಜವಾದ ಅಡುಗೆ ನಿದ್ದೆಯದ್ದೇ.

ಅದರಲ್ಲಿ ಮೊದಲನೇದು ಮುಂಗಡ ನಿದ್ದೆ. ಹೊರಡುವ ದಿನ ಮಧ್ಯಾಹ್ನ 1.30ರಿಂದ 3ರವರೆಗೆ ಎಲ್ಲರೂ ಅವರವರ ಮನೆಯಲ್ಲಿ ಮಲಗಿಯೇ ಬರಬೇಕು. ನಿದ್ದೆ ಬರಲಿ ಬಿಡಲಿ, ಕೋಣೆ ಕತ್ತಲೆ ಮಾಡಿ ಕಣ್ಣು ಮುಚ್ಚಿರಬೇಕು. ಇದಕ್ಕೆ ತಂಡದಲ್ಲೇ ಹೆಚ್ಚು ವಿರೋಧ ಬಂತು, ಯಾಕೆಂದರೆ ಆ ಹೊತ್ತಿಗೆ ಎಲ್ಲರಿಗೂ ತೋಟದ ಕೆಲಸ ಉಂಟು. ನಾಲ್ಕು ಕಾರ್ಯಕ್ರಮ ಕಳೆದ ಮೇಲೆ ಮಾತು ನಿಂತಿತು. ಇಡೀ ಕ್ರಮದಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುವುದು.

ಎರಡನೇದು ಸರದಿ. ಎಂಟು ಮಂದಿಯನ್ನು ನಾಲ್ಕು ನಾಲ್ಕು ಮಾಡಿ. ಮೊದಲ ತಂಡ ರಾತ್ರಿ 9.30ರಿಂದ 1.30, ಎರಡನೇ ತಂಡ 1.30ರಿಂದ 5. ಹೀಗೆ 3ರಿಂದ 5ರ ಕೆಟ್ಟ ಹೊತ್ತಿನಲ್ಲಿ ಒಲೆಯ ಎದುರು ನಿಲ್ಲುವವರು ನಾಲ್ಕು ಗಂಟೆ ಮಲಗಿ ಎದ್ದವರೇ. ಎರಡನೇ ತಂಡ ಎದ್ದು ಬೆಳಗಿನ ತಿಂಡಿಯ ಸಜ್ಜಿಗೆ-ಬಜಿಲ್‌ಗೆ (ಉಪ್ಪಿಟ್ಟು-ಅವಲಕ್ಕಿಗೆ) ಕೈ ಹಾಕುತ್ತದೆ. ಇದಕ್ಕೆ ಒಬ್ಬ ಆಳು ಹೆಚ್ಚು ಬೇಕು, ಹಾಗಾಗಿ ನನ್ನನ್ನೂ ಸೇರಿಸಿ ಈಗ ನಾವು ಒಂಬತ್ತು. ಸಂಬಳ 1,200ರಿಂದ 1,500. ಇದನ್ನೇ ಹಿಡಿದು "ಮಲಗಲಿಕ್ಕೆ ಸಂಬಳವಾ?" ಎಂದು ಕೇಳಿದವರುಂಟು. ಒಂದು ಕೊಪ್ಪರಿಗೆ ಉಳಿದರೆ ಮೂರು ಕಾರ್ಯಕ್ರಮದ ಆ ಸಂಬಳ ಹುಟ್ಟುತ್ತದೆ.

ಸರದಿ ನಡೆಯಬೇಕಾದರೆ ಕೊರೆಯುವ ಕೆಲಸ 9.30ಕ್ಕೆ ಮುಗಿದಿರಬೇಕು. ನಮ್ಮ ಊರಿನಲ್ಲಿ ಮೇಲಾರಕ್ಕೆ (ಮಜ್ಜಿಗೆ ಹುಳಿಗೆ) ತರಕಾರಿ ಕೊರೆಯಲಿಕ್ಕೆ ಅಕ್ಕಪಕ್ಕದ ಮನೆಯವರೆಲ್ಲ ಸೇರುತ್ತಿದ್ದ ಕ್ರಮ ಸುಮ್ಮನೆ ಬಂದದ್ದಲ್ಲ. ಹಾಲ್‌ನಲ್ಲಿ ಆ ಜನ ಸಿಗುವುದಿಲ್ಲ. ಆದ್ದರಿಂದ ಕುಂಬಳ, ಸುವರ್ಣಗೆಡ್ಡೆ, ಸೌತೆಯಂಥ ಗಟ್ಟಿ ತರಕಾರಿ ಮನೆಯಲ್ಲೇ ಕೊರೆದು ತರುತ್ತೇವೆ. ಬದನೆ, ಗುಜ್ಜೆ (ಎಳೆ ಹಲಸು) ಕಪ್ಪಾಗುತ್ತದೆ, ಅದು ಅಲ್ಲೇ, ನೀರಿಗೆ. 3ರಿಂದ 5ರ ಒಳಗೆ ಚೂರಿ, ಹೆರೆಯುವ ಮೆಷಿನ್, ಎಣ್ಣೆ ಬಾಣಲೆ ಮೂರೂ ನಿಷಿದ್ಧ. ಆ ಹೊತ್ತಿಗೆ ನಿಂತು, ನಡೆದು ಮಾಡುವ ಕೆಲಸ ಮಾತ್ರ: ನೀರು ಕಾಯಿಸುವುದು, ಬೇಳೆ ಬೇಯಿಸುವುದು, ಪಾಯಸ ತೊಳಸುವುದು. ತೊಳಸುವವನನ್ನೂ 15 ನಿಮಿಷಕ್ಕೊಮ್ಮೆ ಬದಲಾಯಿಸುತ್ತೇನೆ. ಒಂದೇ ಸುತ್ತು ತಿರುಗಿಸುವ ಕೈಗಿಂತ ಬೇಗ ನಿದ್ದೆ ತರಿಸುವ ವಸ್ತು ಬೇರೆ ಇಲ್ಲ.

ಮೂರನೇದು, ಜನ ನಂಬದೆ ಇದ್ದದ್ದು: ಕಾಫಿ ಕುಡಿದ ಕೂಡಲೇ ಮಲಗುವುದು. ಬೆಳಿಗ್ಗೆ 9.40ರ ಲೋಟವನ್ನು ಒಂದೇ ಗುಟುಕಿಗೆ ಕುಡಿದು ಸರದಿಯಲ್ಲಿ ತಲಾ 20 ನಿಮಿಷ. ಕಾಫಿ ಹಿಡಿಯಲಿಕ್ಕೆ ಸುಮಾರು ಅರ್ಧ ಗಂಟೆ ಬೇಕು, ಏಳುವ ಹೊತ್ತಿಗೆ ಅದು ಏರಲು ಸುರುವಾಗಿರುತ್ತದೆ. ನಾಸಾದವರು ಪೈಲಟ್‌ಗಳಿಗೆ ಹಾರಾಟದ ನಡುವೆ 40 ನಿಮಿಷ ಬಿಡುವು ಕೊಟ್ಟು ನೋಡಿದಾಗ ಸರಾಸರಿ 26 ನಿಮಿಷದ ನಿದ್ದೆಯಿಂದಲೇ ಎಚ್ಚರ ಸುಧಾರಿಸಿತ್ತು. ಅವರಿಗೆ ಹುಳಿಯ ಕಟಾರ (ದೊಡ್ಡ ಪಾತ್ರೆ) ಕಾಯುವ ಕೆಲಸ ಇರಲಿಲ್ಲ, ನಮಗೆ 40 ಸಿಗುವುದಿಲ್ಲ.

ಕ್ರಮ ಹದಕ್ಕೆ ಬರುವ ಮೊದಲು ಇಲ್ಲಿ ಸೋತದ್ದೇ ಹೆಚ್ಚು. "ಪಾಪ, ಮಲಗಲಿ" ಎಂದು ಒಬ್ಬನನ್ನು ಮುಕ್ಕಾಲು ಗಂಟೆ ಬಿಟ್ಟೆವು. ಗಾಢ ನಿದ್ದೆಯಿಂದ ಎಬ್ಬಿಸಿದ ಮನುಷ್ಯ ಅರ್ಧ ಗಂಟೆ ಕೆಲಸಕ್ಕೆ ಬರುವುದಿಲ್ಲ, ಹುಳಿಗೆ ಉಪ್ಪು ಎರಡು ಸಲ ಬಿದ್ದದ್ದು ಆ ಅರ್ಧ ಗಂಟೆಯಲ್ಲೇ. ಮಲಗಿದರೆ 20 ನಿಮಿಷ, ಇಲ್ಲವಾದರೆ ಒಂದೂವರೆ ಗಂಟೆ. ನಡುವಿನದ್ದು ಬೇಡವೇ ಬೇಡ. ಫೋನಿನ ಅಲಾರಂ ಕೇಳದವರಿಗೆ ಫೋನನ್ನು ವೈಬ್ರೇಶನ್‌ಗೆ ಹಾಕಿ ಸ್ಟೀಲ್ ಹರಿವಾಣದ ಮೇಲೆ ಕವುಚಿ ಇಡಿ. ಸತ್ತವನೂ ಎದ್ದು ಕೂರುತ್ತಾನೆ. ಎದ್ದ ಕೂಡಲೇ ಮುಖ, ಮೊಣಕೈವರೆಗೆ ತಣ್ಣೀರು, ಐದು ನಿಮಿಷ ಹೊರಗೆ ಬೆಳಕಿನಲ್ಲಿ ನಡೆದು ಆಮೇಲೆ ಒಲೆ.

ಮಲಗುವ ಜಾಗ ಉಗ್ರಾಣ ಅಲ್ಲ. ಅಲ್ಲಿ ಸೊಳ್ಳೆ, ಸೆಕೆ, ಮೇಲಿಂದ ಗ್ಯಾಸ್ ಸಿಲಿಂಡರ್. ಹಾಲ್‌ನ ಸ್ಟೇಜಿನ ಪರದೆಯ ಹಿಂದೆ ಫ್ಯಾನ್ ಇರುತ್ತದೆ, ಕತ್ತಲೆಯೂ ಇರುತ್ತದೆ. ಮಂಟಪದ ಅಲಂಕಾರದವರು ಬರುವುದಕ್ಕೆ ಮೊದಲು ಅದು ನಮ್ಮದು. ಕಣ್ಣಿಗೆ ಬೈರಾಸು (ಟವೆಲ್) ಕಟ್ಟಿಕೊಳ್ಳಿ. ಎದ್ದವರಿಗೆ ಬೆಳಕು ಬೇಕು: 50 ವ್ಯಾಟಿನ ಎಲ್‌ಇಡಿ ಫ್ಲಡ್ ಲೈಟ್ ಒಂದು ಸುಮಾರು 900 ರೂಪಾಯಿಗೆ ತಂದೆ. ಬಿಳಿ ಗೋಡೆಗೆ ತಿರುಗಿಸಿ ಹಾಕಬೇಕು, ಕಣ್ಣಿಗೆ ಹೊಡೆಯಬಾರದು. ಹಾಲ್‌ನವರ ಹಳದಿ ಬಲ್ಬಿನಡಿ ಯಾರೂ ಎಚ್ಚರ ಇರಲಾರರು.

ಒಂದು ಮಾತು ಇಲ್ಲಿ ಒತ್ತಿ ಹೇಳಬೇಕು. ಒಬ್ಬನಿಗೆ ತೂಕಡಿಕೆ ಬಂದರೆ ಅದು ನಿದ್ದೆ. ನಾಲ್ವರಿಗೂ ಒಟ್ಟಿಗೆ ತಲೆ ಭಾರ, ಹೊಟ್ಟೆ ತೊಳಸಿದ ಹಾಗೆ, ಕಣ್ಣು ಎಳೆದರೆ ಅದು ನಿದ್ದೆಯಲ್ಲ, ಕೆಂಡದ ಗಾಳಿ. ಮಳೆಗೆಂದು ಬಾಗಿಲು ಮುಚ್ಚಿ ಕಟ್ಟಿಗೆ ಒಲೆ ಉರಿಸಿದಾಗ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಹೊಗೆ ಅಡಗಿ ಬರೀ ಕೆಂಡ ಉಳಿದಾಗ ಅಪಾಯ ಹೆಚ್ಚು, ವಾಸನೆಯೇ ಇರುವುದಿಲ್ಲ. ಕಾಫಿ ಕೊಡಬೇಡಿ, ಎಲ್ಲರನ್ನೂ ಹೊರಗೆ ಹಾಕಿ, ಎದುರುಬದುರು ಬಾಗಿಲು ತೆರೆಯಿರಿ. ಹೊರಗೆ ಬಂದ ಮೇಲೆ ತಲೆನೋವು, ಮಂಪರು ಇಳಿದರೂ ಆಸ್ಪತ್ರೆಗೆ ತೋರಿಸಿ.

ಸೆಕೆಗೂ ತೂಕಡಿಕೆಗೂ ನಂಟುಂಟು. ಕರಾವಳಿಯ ಏಪ್ರಿಲ್‌ನಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಸ್ಟ್ಯಾಂಡ್ ಫ್ಯಾನನ್ನು ಒಲೆಗೆ ಅಲ್ಲ, ಅಡುಗೆಯವನ ಬೆನ್ನಿಗೆ ಓರೆಯಾಗಿ ಇಡಿ. ನೇರ ಇಟ್ಟರೆ ಉರಿ ಹಾರಿ ಗ್ಯಾಸ್ ಹಾಳು. ಕುಡಿಯಲಿಕ್ಕೆ ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಅಳತೆ, ಮಟ್ಟಸ. ಇದಕ್ಕೆ ಪುನರ್ಪುಳಿ (ಕೋಕಂ) ಹಿಂಡಿದರೆ ಯಾರೂ ಬೇಡ ಅನ್ನುವುದಿಲ್ಲ. ನೀರುಮಜ್ಜಿಗೆಯೂ ಆಗುತ್ತದೆ. ಬರೀ ನೀರು ಕುಡಿದವರಿಗೆ 11ಕ್ಕೆ ತಲೆನೋವು ಗ್ಯಾರಂಟಿ.

ಊಟದ ವಿಷಯ ಬೇಗ ಮುಗಿಸುತ್ತೇನೆ. ರಾತ್ರಿ 9ಕ್ಕೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ. 5ಕ್ಕೆ ಒಂದು ಹಿಡಿ ನೆನೆಸಿದ ಅವಲಕ್ಕಿ ಮಜ್ಜಿಗೆಯಲ್ಲಿ. ರಾತ್ರಿಯಿಡೀ ಹೋಳಿಗೆ ಹೂರಣ ಬಾಯಿಗೆ ಹಾಕುವ ಅಭ್ಯಾಸ ಬಿಡಿಸಿದ್ದೇ ದೊಡ್ಡ ಸಾಧನೆ.

ಬೇರೆ ಏನೇನೋ ನೋಡಿದ್ದೇನೆ. ಡಬ್ಬಿಯ ಎನರ್ಜಿ ಡ್ರಿಂಕ್: ತಲೆಗೆ 120 ರೂಪಾಯಿ ಹತ್ತಿರ, ಒಂದು ಗಟ್ಟಿ ಕಾಫಿಯಷ್ಟೇ ಕೆಫೀನ್, ಉಳಿದದ್ದು ಸಕ್ಕರೆ. ಎಂಟು ಮಂದಿಗೆ ಸಾವಿರ ಹೋಯಿತು. ನೋವಿನ ಬಾಮ್ ಮೂಗಿಗೆ ಹಚ್ಚಿದವನಿಗೆ ಎಚ್ಚರ ಬಂತು, ಸಾರಿನ ಪರಿಮಳ ಹೋಯಿತು. ಒಗ್ಗರಣೆ ಸೀದದ್ದು ಅವನಿಗೆ ಗೊತ್ತೇ ಆಗಲಿಲ್ಲ. ನಸ್ಯದ ಮಾತು ಬೇಡ, ಅನ್ನದ ಎದುರು ಸೀನುವುದುಂಟೇ? ಎಲೆ-ಅಡಿಕೆ ಹತ್ತು ನಿಮಿಷ ಹಿಡಿಯುತ್ತದೆ, ಆಮೇಲೆ ನಾಲಿಗೆ ದಪ್ಪ, ರುಚಿ ತಿಳಿಯುವುದಿಲ್ಲ. ತೋಟದವರು ಸಿಟ್ಟಾಗುವುದು ಬೇಡ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ ಎಂಬುದು ಅವರಿಗೂ ಗೊತ್ತು. ಕೆಲಸ ಮಾಡಿದ್ದು ಒಂದೇ, ತಾಳಮದ್ದಳೆ, ಅಂದರೆ ವೇಷ-ಕುಣಿತ ಇಲ್ಲದೆ ಹಾಡು-ಮಾತಿನಲ್ಲೇ ನಡೆಯುವ ಯಕ್ಷಗಾನ. ಗೊತ್ತಿರುವ ಹಾಡು ಹಾಕಿದರೆ ಜೋಗುಳವಾಗುತ್ತದೆ. ಅದರಲ್ಲಿ ಮಾತಾಡುವ ಅರ್ಥಧಾರಿಗಳಿಬ್ಬರು ವಾದಕ್ಕೆ ಬಿದ್ದರೆ, ಮುಂದಿನವ ಏನು ಹೇಳುತ್ತಾನೆ ಎಂದು ಕಿವಿ ತಾನಾಗಿ ನಿಮಿರುತ್ತದೆ. ನಮ್ಮಲ್ಲಿ 3ಕ್ಕೆ ಸುರುವಾದರೆ 5ಕ್ಕೆ ಬಂದ್.

11ರ ನಂತರ ಕಾಫಿ ಬದಲು ಕಷಾಯ. ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು (ಕಾಳುಮೆಣಸು), ಶುಂಠಿ ಎಂದು ಎಲ್ಲರಿಗೂ ಗೊತ್ತು. ನಮ್ಮದರಲ್ಲಿ ಇನ್ನೆರಡು ವಸ್ತು ಉಂಟು, ಅದು ಮಾತ್ರ ಇಲ್ಲಿ ಬರೆಯುವುದಿಲ್ಲ. ನಿಜ ಹೇಳಬೇಕೆಂದರೆ ಕಷಾಯದಿಂದ ಎಚ್ಚರ ಬರುವುದಿಲ್ಲ, ಕೈ ಕಾಫಿಯ ಕಡೆ ಹೋಗುವುದು ನಿಲ್ಲುತ್ತದೆ, ಅಷ್ಟೇ.

ಇಷ್ಟೆಲ್ಲ ಮಾಡಿದರೂ ನಿದ್ದೆಗೆಟ್ಟ ನಾಲಿಗೆಯನ್ನು ನಾನು ನಂಬುವುದಿಲ್ಲ. ಉಪ್ಪನ್ನು ರಾತ್ರಿ 9ರ ಮೊದಲೇ ತೂಗಿ ಪೊಟ್ಟಣ ಕಟ್ಟುತ್ತೇನೆ. 15 ಲೀಟರ್ ಹುಳಿಗೆ 150 ಗ್ರಾಂ ಆಸುಪಾಸು, ಸಾರಿಗೆ ಸ್ವಲ್ಪ ಕಮ್ಮಿ. ಪೊಟ್ಟಣದ ಮೇಲೆ ಪಾತ್ರೆಯ ಹೆಸರು: "ಹುಳಿ 1", "ಹುಳಿ 2", "ಮೆಣಸ್ಕಾಯಿ". ಒಲೆಯ ಹಿಂದಿನ ಗೋಡೆಗೆ ಒಂದು ಮೊಳೆ. ಉಪ್ಪು ಸುರಿದವ ಖಾಲಿ ಕಾಗದವನ್ನು ಆ ಮೊಳೆಗೆ ಚುಚ್ಚಬೇಕು. ಮೊಳೆಯಲ್ಲಿ ಕಾಗದ ಉಂಟಾ, ಉಪ್ಪು ಬಿದ್ದಾಗಿದೆ. ಯಾರೂ ಯಾರನ್ನೂ ಕೇಳುವುದು ಬೇಡ, ರುಚಿ ನೋಡುವುದೂ ಬೇಡ. ಕೊನೆಯ ಹದ 10.30ಕ್ಕೆ, ಅದೂ 20 ನಿಮಿಷ ಮಲಗಿ ಎದ್ದವನ ನಾಲಿಗೆಯಿಂದ.

ಬೆನ್ನುಬೆನ್ನಿಗೆ ಮುಹೂರ್ತ ಇದ್ದರೆ ಎರಡು ದಿನದವರೆಗೆ ಈ ಕ್ರಮ ತಡೆಯುತ್ತದೆ. ಮೂರನೇ ದಿನ ಸೋಲುತ್ತದೆ, ಎರಡು ಸಲ ನೋಡಿಯಾಯಿತು. ಈಗ ಮೂರನೇದನ್ನು ಒಪ್ಪಿಕೊಳ್ಳುವುದಿಲ್ಲ, ಆ ದಿನ ಬೇರೆ ತಂಡಕ್ಕೆ ಬಿಟ್ಟುಕೊಡುತ್ತೇನೆ. ಸೀಸನ್‌ಗೆ ಐದಾರು ಕಾರ್ಯಕ್ರಮದ ಹಣ ಹಾಗೆ ಹೋಗುತ್ತದೆ.

ಇನ್ನು ವಾಪಸ್ ಹೋಗುವುದು. ಸಂಜೆ 4ಕ್ಕೆ ಪಾತ್ರೆ ಲೋಡ್ ಮಾಡಿ ಬೈಕ್ ಹತ್ತಿದವನಿಗೆ ಕಾರ್ಕಳದ ರಸ್ತೆಯಲ್ಲಿ ಬಿಸಿಲು ಓರೆ ಹೊಡೆಯುವಾಗ ಕಣ್ಣು ಎಳೆಯುವಷ್ಟು ಒಲೆಯ ಎದುರು ಎಳೆಯುವುದಿಲ್ಲ. ಅದಕ್ಕೆ ಬರುವಾಗಲೇ ಎಲ್ಲರ ಬೈಕ್ ಕೀ ನನ್ನ ಕೈಗೆ ಬರಬೇಕು. ಕೊನೆಯ ಪಂಕ್ತಿ ಎದ್ದ ಮೇಲೆ, ಪಾತ್ರೆ ತೊಳೆಯುವವರು ಬಂದಾಗ, ಸ್ಟೇಜಿನ ಹಿಂದೆ ಪೂರ್ತಿ ಒಂದೂವರೆ ಗಂಟೆ. ಆಗುವುದಿಲ್ಲ ಎನ್ನುವವರಿಗೆ ಬಸ್ಸಿನ ದುಡ್ಡು ನಾನೇ ಕೊಡುತ್ತೇನೆ, ಬೈಕ್ ಟೆಂಪೋದಲ್ಲಿ ಹಿಂದೆ ಬರುತ್ತದೆ. ಕೀಗಳು ಉಪ್ಪಿನ ಖಾಲಿ ಡಬ್ಬದಲ್ಲಿರುತ್ತವೆ, ಡಬ್ಬ ನನ್ನ ತಲೆಯಡಿ.