ಬಚ್ಚಲುಮನೆ ಹೊಸದು ಮಾಡುವಾಗ ಪೈಪಿನ ಲೆಕ್ಕ: ಟೇಪು ಇಡುವುದು ಟೈಲ್ಸ್ ಮೇಲಿಂದ

ಪ್ಲಂಬರ್ ಬಂದು ಗೋಡೆಗೆ ಗುರುತು ಹಾಕುವ ಹೊತ್ತಿಗೆ ಹಳೇ ಟೈಲ್ಸ್ ಒಡೆದಿರುತ್ತದೆ, ನೆಲ ಅಗೆದಿರುತ್ತದೆ, ಇಟ್ಟಿಗೆ ಹೊರಗೆ ಬಂದಿರುತ್ತದೆ. ಆ ಅಗೆದ ನೆಲದ ಮೇಲೇ ಟೇಪು ಊರಿ ಅಳೆದರೆ ನಲ್ಲಿ, ಗೀಸರ್ ಪಾಯಿಂಟು, ಡೈವರ್ಟರ್ (ಬಿಸಿನೀರು, ತಣ್ಣೀರು ಬೆರೆಸಿ ಶವರಿಗೋ ನಲ್ಲಿಗೋ ತಿರುಗಿಸುವ ಸಾಧನ) ಎಲ್ಲವೂ ಎರಡು ಮೂರು ಇಂಚು ಕೆಳಗೆ ಕೂರುತ್ತವೆ. ಬಚ್ಚಲುಮನೆ ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ಆದ್ದರಿಂದ ಗೋಡೆ ಕೊರೆಯುವ ಮೊದಲೇ ಟೈಲ್ಸ್, ಕಮೋಡ್, ಬೇಸಿನ್, ಡೈವರ್ಟರ್ ನಾಲ್ಕನ್ನೂ ಆರಿಸಿ ಮುಗಿಸಿ. ಕಮೋಡ್ ಮತ್ತು ಡೈವರ್ಟರ್ ಅಂತೂ ಡಬ್ಬ ಸಮೇತ ಮನೆಯಲ್ಲೇ ಇರಲಿ. ಅಳತೆಯ ಚಿತ್ರ ಅದರೊಳಗಿನ ಚೀಟಿಯಲ್ಲಿರುತ್ತದೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಬೆಂಗಳೂರು, ಮೈಸೂರು ಕಡೆ 20-25 ವರ್ಷದ ಹಿಂದೆ ಕಟ್ಟಿದ ಮನೆಯ 5 ಅಡಿ ಅಗಲ 8 ಅಡಿ ಉದ್ದದ ಬಚ್ಚಲು. ತಾರಸಿಯ ಮೇಲೆ ಟ್ಯಾಂಕು ಮತ್ತು ಸೋಲಾರ್, ಗೋಡೆಯೊಳಗೆ ತುಕ್ಕು ಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು.

ಮೊದಲ ಕೆಲಸ ಮಟ್ಟದ ಗೆರೆ. ಪಕ್ಕದ ಕೋಣೆಯ ನೆಲಕ್ಕಿಂತ ಬಚ್ಚಲಿನ ನೆಲ ಬಾಗಿಲ ಬಳಿ ಅರ್ಧ ಇಂಚಾದರೂ ಕೆಳಗಿರಬೇಕು. ಅದನ್ನು ಮುಗಿದ ನೆಲ ಎಂದು ಹಿಡಿದು, ಅಲ್ಲಿಂದ ಸರಿಯಾಗಿ 1 ಮೀಟರ್ ಎತ್ತರದಲ್ಲಿ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿದು ನಾಲ್ಕೂ ಗೋಡೆಗೆ ಗೆರೆ ಎಳೆಸಿ. ಇನ್ನು ಮುಂದೆ ಯಾರೂ ನೆಲ ಮುಟ್ಟಿ ಅಳೆಯಬಾರದು, ಈ ಗೆರೆಯಿಂದಲೇ ಮೇಲೆ ಕೆಳಗೆ ಅಳೆಯಬೇಕು. ನಮ್ಮ ಮನೆಗಳಿಗೆ ಹೊಂದುವ ಎತ್ತರಗಳು, ಎಲ್ಲವೂ ಮುಗಿದ ನೆಲದಿಂದ:

ಬೇಸಿನ್ ಮೇಲಂಚು: 800ರಿಂದ 850 ಮಿಮೀ
ಬೇಸಿನ್ ಆಂಗಲ್ ಕಾಕ್ (ಬೇಸಿನ್ ಕೆಳಗೆ ಗೋಡೆಯಲ್ಲಿ ನೀರು ನಿಲ್ಲಿಸುವ ಸಣ್ಣ ಕಾಕ್): 550ರಿಂದ 600 ಮಿಮೀ
ಬಕೆಟ್ ತುಂಬುವ ನಲ್ಲಿ: 600 ಮಿಮೀ ಆಸುಪಾಸು
ಡೈವರ್ಟರ್: 1000ರಿಂದ 1100 ಮಿಮೀ
ಶವರ್ ಪಾಯಿಂಟು: 2100 ಮಿಮೀ
ಗೀಸರ್ ಪಾಯಿಂಟುಗಳು: 1800 ಮಿಮೀ ಸುಮಾರು, ಆದರೆ ಗೀಸರಿನ ಉದ್ದ ನೋಡಿಕೊಂಡು

ಬಿಸಿನೀರು ಎಡಕ್ಕೆ, ತಣ್ಣೀರು ಬಲಕ್ಕೆ. ಇದು ಎಲ್ಲರಿಗೂ ಗೊತ್ತು, ಆದರೂ ಗೋಡೆಯ ಆಚೆ ಬದಿಯಿಂದ ಪೈಪು ತರುವಾಗ ಅದಲು ಬದಲಾಗುತ್ತದೆ. ಶವರ್ ಹಾಕಿಸಿದ ಮನೆಯಲ್ಲೂ ದಿನಾ ಸ್ನಾನ ಬಕೆಟಿನಿಂದಲೇ ನಡೆಯುವುದುಂಟು. ಹಾಗಾಗಿ ಬಕೆಟ್ ನಲ್ಲಿಯನ್ನು ಮೂಲೆಗೆ ತಳ್ಳಬೇಡಿ. ನಲ್ಲಿಯ ಎರಡೂ ಬದಿಗೆ ಒಂದೊಂದು ಅಡಿ ಜಾಗ ಇಲ್ಲದಿದ್ದರೆ ಬಕೆಟ್ ಗೋಡೆಗೆ ತಾಗಿ ಓರೆಯಾಗಿ ನಿಲ್ಲುತ್ತದೆ.

ಕಮೋಡಿನ ಜಾಗ ನೀವು ಆರಿಸುವಂಥದ್ದಲ್ಲ, ಹಳೇ 110 ಮಿಮೀ ಪೈಪು ಆರಿಸಿರುತ್ತದೆ. ನೆಲದೊಳಗೆ ಇಳಿಯುವ ಎಸ್ ಟ್ರ್ಯಾಪ್ ಆದರೆ, ಮುಗಿದ ಗೋಡೆಯಿಂದ ಪೈಪಿನ ನಡುವಿಗೆ ಎಷ್ಟು ದೂರ ಎಂಬುದೇ ಮುಖ್ಯ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 225 ಮತ್ತು 300 ಮಿಮೀ. ಖರ್ಚು ಉಳಿಸಲು ಹಳೇ ಟೈಲ್ಸ್ ಮೇಲೇ ಹೊಸದನ್ನು ಅಂಟಿಸಿದರೆ ಗೋಡೆ 12-15 ಮಿಮೀ ಮುಂದೆ ಬರುತ್ತದೆ, 300 ಇದ್ದದ್ದು 285 ಆಗುತ್ತದೆ, 300ರ ಕಮೋಡಿನ ಟ್ಯಾಂಕು ಗೋಡೆಗೆ ಗುದ್ದುತ್ತದೆ. ಗೋಡೆಗೆ ಹೋಗುವ ಪಿ ಟ್ರ್ಯಾಪಿನಲ್ಲಿ ತೊಂದರೆ ಎತ್ತರದ್ದು. ಪೈಪಿನ ನಡು ಮುಗಿದ ನೆಲದಿಂದ ಸುಮಾರು 180-185 ಮಿಮೀ ಇರಬೇಕು, ನೆಲಕ್ಕೆ ಇನ್ನೊಂದು ಪದರ ಟೈಲ್ಸ್ ಬಿದ್ದರೆ ಕಮೋಡ್ ಮೇಲೆದ್ದು ಪೈಪು ಕೆಳಗಾಗುತ್ತದೆ. ಸ್ವಲ್ಪ ವ್ಯತ್ಯಾಸಕ್ಕೆ ಓರೆ ಕನೆಕ್ಟರ್ ಸಿಗುತ್ತದೆ. ಅದನ್ನು ತಪ್ಪಿಗೆ ಮದ್ದು ಎಂದು ಇಟ್ಟುಕೊಳ್ಳಿ, ಪ್ಲ್ಯಾನಿನಲ್ಲೇ ಬರೆಯಬೇಡಿ. ಗೋಡೆಗೆ ತೂಗುಹಾಕುವ ಕಮೋಡ್ ಬೇಕೆಂದರೆ, ನಾಲ್ಕೂವರೆ ಇಂಚಿನ ಗೋಡೆಯನ್ನು ನಂಬದೆ ನೆಲಕ್ಕೆ ಬೋಲ್ಟ್ ಆಗುವ ಕಬ್ಬಿಣದ ಫ್ರೇಮಿರುವುದನ್ನೇ ತನ್ನಿ.

ಹೋಗುವ ನೀರಿಗೆ ಎಸ್‌ಡಬ್ಲ್ಯುಆರ್ (ಕೊಳೆನೀರು, ಮಳೆನೀರು ಸಾಗಿಸುವ ಪಿವಿಸಿ) ಪೈಪು: ಕಮೋಡಿಗೆ 110 ಮಿಮೀ, ನಾನಿ ಟ್ರ್ಯಾಪಿನಿಂದ (ನೆಲದ ನೀರು ಇಳಿಯುವ ಜಾಲರಿಯ ಬಾಯಿ) 75, ಬೇಸಿನ್‌ನಿಂದ 40 ಅಥವಾ 50. ವಾಟ (ಇಳಿಜಾರು) ಮೀಟರಿಗೆ ಸುಮಾರು 2 ಸೆಂಟಿಮೀಟರ್. ಒಂದೇ ಕಡೆ 90 ಡಿಗ್ರಿ ತಿರುಗಿಸುವ ಬದಲು 45ರ ಎರಡು ಬೆಂಡ್ ಹಾಕಿಸಿ, ಕೂದಲು ಸಿಕ್ಕಿಕೊಳ್ಳುವುದು ಮೂಲೆಯಲ್ಲೇ. ನಾನಿ ಟ್ರ್ಯಾಪಿನಲ್ಲಿ 50 ಮಿಮೀ ನೀರು ನಿಲ್ಲುವಂಥದ್ದನ್ನೇ ಕೊಳ್ಳಿ. ನೋಡಲು ಚೆಂದದ ಚಪ್ಪಟೆ ಟ್ರ್ಯಾಪುಗಳಲ್ಲಿ ನಿಲ್ಲುವ ನೀರು ಬೆರಳಿನಷ್ಟು, ನಾಲ್ಕು ದಿನ ಊರಿಗೆ ಹೋಗಿ ಬಂದರೆ ಒಣಗಿ ವಾಸನೆ, ಜಿರಳೆ ಎರಡೂ ಒಳಗೆ. ವಾಷಿಂಗ್ ಮೆಷಿನ್ ಇದೇ ಬಚ್ಚಲಲ್ಲಿ ಇರುವುದಾದರೆ ಅದರ ನೀರನ್ನು ನಾನಿ ಟ್ರ್ಯಾಪಿಗೆ ಬಿಡದೆ ಬೇರೆ ಟ್ರ್ಯಾಪಿನ ಮೂಲಕ 75ರ ಲೈನಿಗೆ ಸೇರಿಸಿ, ಇಲ್ಲವಾದರೆ ನೊರೆ ಜಾಲರಿಯಿಂದ ಮೇಲೆ ಉಕ್ಕುತ್ತದೆ.

ಪೈಪು ಸ್ಲ್ಯಾಬ್ ದಾಟುವ ತೂತಿನ ಸುತ್ತಲೇ ಹೆಚ್ಚಿನ ಸೋರಿಕೆ. ಅಲ್ಲಿ ಬರೀ ಸಿಮೆಂಟ್ ಮೆತ್ತುವುದು ಸಾಲದು, ಕುಗ್ಗದ ಗ್ರೌಟ್ ತುಂಬಿಸಿ ಅದರ ಮೇಲೆ ವಾಟರ್‌ಪ್ರೂಫಿಂಗ್ ಹಚ್ಚಬೇಕು. ಆಮೇಲೆ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ, ಕೆಳಗಿನ ಮನೆಯ ಸೀಲಿಂಗ್ ನೋಡಿ, ಆಮೇಲೆ ಅಗೆದ ನೆಲಕ್ಕೆ ಇಟ್ಟಿಗೆ ಚೂರು ತುಂಬಿಸಿ.

ಬರುವ ನೀರಿಗೆ ಸಿಪಿವಿಸಿ (ಬಿಸಿನೀರೂ ತಾಳುವ ಪ್ಲಾಸ್ಟಿಕ್ ಪೈಪು). ತಾರಸಿಯಿಂದ ಇಳಿಯುವ ತಣ್ಣೀರಿನ ಲೈನು 1 ಇಂಚು, ಬಚ್ಚಲೊಳಗೆ ಮುಕ್ಕಾಲು ಇಂಚು. ಬಿಸಿನೀರಿಗೆ ಮಾತ್ರ ದೊಡ್ಡ ಪೈಪಿನ ಆಸೆ ಬೇಡ. ಮುಕ್ಕಾಲು ಇಂಚಿನ ಪೈಪು ಹತ್ತು ಮೀಟರಿಗೆ ಸುಮಾರು ಎರಡೂವರೆ ಲೀಟರ್ ಹಿಡಿಯುತ್ತದೆ, ಒಂದಿಂಚಿನದು ನಾಲ್ಕು ಲೀಟರಿಗೂ ಹೆಚ್ಚು. ಸೋಲಾರ್ ಬಿಸಿನೀರು ಬರುವ ತನಕ ಅಷ್ಟೂ ತಣ್ಣೀರು ಪ್ರತಿದಿನ ಚೆಲ್ಲಬೇಕು. ಸೋಲಾರ್ ಲೈನಿಗೆ ಯಾರಾದರೂ ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್ ಪೈಪು) ತಂದರೆ ವಾಪಸ್ ಕಳಿಸಿ, ಬೇಸಿಗೆಯ ಸೋಲಾರ್ ನೀರಿಗೆ ಅದು ಮೆತ್ತಗಾಗಿ ಜೋಡಣೆಯಲ್ಲಿ ಬಿಟ್ಟುಕೊಳ್ಳುತ್ತದೆ. ಗೋಡೆಯೊಳಗೆ ಪೈಪು ಬದಲಿಸಿ, ತಾರಸಿಯಿಂದ ಬರುವ ಹಳೇ ಜಿಐ ಲೈನನ್ನು ಹಾಗೇ ಉಳಿಸುವುದೂ ದಂಡ. ಅದರ ತುಕ್ಕಿನ ಚೂರು ಇಳಿದು ಬಂದು ಹೊಸ ಡೈವರ್ಟರಿನ ಕಾರ್ಟ್ರಿಜ್ (ಒಳಗೆ ನೀರನ್ನು ನಿಯಂತ್ರಿಸುವ ಭಾಗ) ಕಟ್ಟಿಕೊಳ್ಳುತ್ತದೆ.

ಈ ಅಳತೆಯ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು 15ರಿಂದ 18 ಮೀಟರ್ ಬೇಕಾಗುತ್ತದೆ. ಹಿತ್ತಾಳೆ ಥ್ರೆಡ್ಡಿನ ಎಲ್ಬೋ 7: ಬೇಸಿನ್‌ಗೆ ಎರಡು, ಗೀಸರಿಗೆ ಎರಡು, ಕಮೋಡಿಗೆ ಒಂದು, ಶವರ್ ಮತ್ತು ಬಕೆಟ್ ನಲ್ಲಿಗೆ ಒಂದೊಂದು. ಕಮೋಡಿನ ಬಳಿ ಟೂ ವೇ ಆಂಗಲ್ ಕಾಕ್ ಹಾಕಿದರೆ ಹೆಲ್ತ್ ಫಾಸೆಟಿಗೂ ಅಲ್ಲಿಂದಲೇ ನೀರು. ಡೈವರ್ಟರಿನ ನಾಲ್ಕು ಬಾಯಿಗೆ ಹಿತ್ತಾಳೆಯ ಎಂಟಿಎ (ಹೊರಗೆ ಥ್ರೆಡ್ ಇರುವ ಜೋಡಣೆ) ನಾಲ್ಕು. ಪ್ಲಾಸ್ಟಿಕ್ ಥ್ರೆಡ್ ಅಗ್ಗ, ಆದರೆ ಆಂಗಲ್ ಕಾಕ್ ಬಿಗಿ ಮಾಡುವಾಗ ಸೀಳುತ್ತದೆ, ಅದೂ ಟೈಲ್ಸ್ ಹಾಕಿದ ಮೇಲೆ. ಬಿಸಿ ಮತ್ತು ತಣ್ಣೀರಿಗೆ ಬಚ್ಚಲಿಗೇ ಒಂದೊಂದು ಸ್ಟಾಪ್ ಕಾಕ್ ಇರಲಿ, ವಾಷರ್ ಬದಲಿಸಲು ತಾರಸಿ ಹತ್ತುವುದು ತಪ್ಪುತ್ತದೆ.

ಈಗ ಡೈವರ್ಟರ್. ಅದರ ಬಾಡಿ ಗೋಡೆಯೊಳಗೆ, ಹಿಡಿ ಮತ್ತು ತಟ್ಟೆ ಟೈಲ್ಸ್ ಮೇಲೆ. ಬಾಡಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಮಿನ್, ಮ್ಯಾಕ್ಸ್ ಎಂದು ಎರಡು ಗುರುತು ಇರುತ್ತವೆ. ಟೈಲ್ಸಿನ ಮುಖ ಈ ಎರಡರ ನಡುವೆ ಬರಬೇಕು. ಪ್ಲಾಸ್ಟರ್ 12-15 ಮಿಮೀ, ಅಂಟು 4-6, ಟೈಲ್ಸ್ 8-10: ಇಟ್ಟಿಗೆಯಿಂದ ಒಟ್ಟು 25-30 ಮಿಮೀ. ಅಂಟಿನ ಬದಲು ಸಿಮೆಂಟ್ ಗಾರೆಯಲ್ಲಿ ಕೂರಿಸಿದರೆ 40 ದಾಟುತ್ತದೆ. ಈ ಒಂದು ಮಾತನ್ನು ಟೈಲ್ಸ್ ಮೇಸ್ತ್ರಿ ಪ್ಲಂಬರಿಗೆ ಹೇಳಿರುವುದಿಲ್ಲ, ಇಬ್ಬರೂ ಒಂದೇ ದಿನ ಬರುವುದೇ ಇಲ್ಲ. ಬಾಯಿಮಾತು ಬಿಟ್ಟು ಹೀಗೆ ಮಾಡಿಸಿ: ಬಾಡಿಯ ಮೇಲೊಂದು ಕೆಳಗೊಂದು ಟೈಲ್ಸ್ ಚೂರನ್ನು, ತೂಗುಗುಂಡು ಹಿಡಿದು, ಮುಗಿದ ಗೋಡೆ ಎಲ್ಲಿ ಬರುತ್ತದೋ ಅಲ್ಲೇ ಗಾರೆಯಲ್ಲಿ ಅಂಟಿಸಿ. ಎರಡಕ್ಕೂ ಅಡ್ಡಲಾಗಿ ಅಲ್ಯುಮಿನಿಯಂ ಪಟ್ಟಿ ಇಟ್ಟು, ಪಟ್ಟಿಯ ಅಂಚು ಎರಡು ಗುರುತುಗಳ ನಡುವೆ ಬೀಳುವ ತನಕ ಬಾಡಿಯನ್ನು ಹಿಂದೆ ಮುಂದೆ ಸರಿಸಿ, ಆಮೇಲೆ ಭದ್ರ ಮಾಡಿ. ಬಾಡಿ ಹೆಚ್ಚು ಒಳಗೆ ಹೋದರೆ ಹಿಡಿ ಸಿಕ್ಕುವುದಿಲ್ಲ, ಎಕ್ಸ್‌ಟೆನ್ಷನ್ ಹುಡುಕಬೇಕು. ಹೊರಗೆ ಬಂದರೆ ತಟ್ಟೆ ಗೋಡೆಗೆ ಕೂರದೆ ಸಂದಿನಿಂದ ನೀರು ಒಳಗಿಳಿಯುತ್ತದೆ.

ದೊಡ್ಡ ರೇನ್ ಶವರ್ ಕೊಳ್ಳುವ ಮುಂಚೆ ಎತ್ತರ ಅಳೆಯಿರಿ. ಹತ್ತು ಮೀಟರ್ ಎತ್ತರದ ನೀರಿಗೆ (ಚದರ ಸೆಂಟಿಮೀಟರಿಗೆ) 1 ಕೆಜಿ ಪ್ರೆಶರ್. ಮೇಲಿನ ಮಹಡಿಯಲ್ಲಿ ಟ್ಯಾಂಕಿನ ತಳಕ್ಕೂ ಶವರಿಗೂ ಎರಡು ಮೀಟರ್ ಅಂತರವಿದ್ದರೆ ಸಿಗುವುದು 0.2 ಕೆಜಿ, ಅಂಥ ಶವರ್ ಅದರಲ್ಲಿ ತೊಟ್ಟಿಕ್ಕುತ್ತದೆ. ಪ್ರೆಶರ್ ಪಂಪ್ ಹಾಕಿದರೆ ಇನ್ನೊಂದು ಎಚ್ಚರ. ತಣ್ಣೀರಿಗೆ ಮಾತ್ರ ಪಂಪ್ ಇದ್ದು, ಸೋಲಾರ್ ಸುಮ್ಮನೆ ಇಳಿದು ಬರುತ್ತಿದ್ದರೆ, ಮಿಕ್ಸರಿನಲ್ಲಿ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಎಷ್ಟು ತಿರುಗಿಸಿದರೂ ಬಿಸಿ ಬರುವುದಿಲ್ಲ, ಮೇಲೆ ಸೋಲಾರಿನ ಗಾಳಿ ಪೈಪಿನಿಂದ ನೀರು ಚೆಲ್ಲುತ್ತದೆ. ಬರೀ ನಾನ್ ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದರೆ ಚೆಲ್ಲುವುದು ನಿಲ್ಲುತ್ತದೆ, ಬಿಸಿನೀರು ಬರುವುದಿಲ್ಲ. ಗಾಳಿ ಪೈಪಿರುವ ಸೋಲಾರ್ ಟ್ಯಾಂಕು ಪಂಪಿನ ಒತ್ತಡ ತಡೆಯುವಂಥದ್ದೂ ಅಲ್ಲ. ಸೋಲಾರಿನಿಂದ ಹೊರಬರುವ ಲೈನಿಗೆ ಬಿಸಿನೀರು ತಾಳುವ ಇನ್ನೊಂದು ಪಂಪ್, ಜೊತೆಗೆ ನಾನ್ ರಿಟರ್ನ್ ವಾಲ್ವ್ ಬೇಕು. ಆ ಖರ್ಚು ಬೇಡವಾದರೆ ರೇನ್ ಶವರ್ ಬಿಡುವುದೇ ಮೇಲು.

ಸಿಪಿವಿಸಿಗೆ ಅದರದೇ ಅಂಟು. ಅಂಟಿಸಿದ ಮೇಲೆ 24 ಗಂಟೆ ಬಿಟ್ಟು, ಪಾಯಿಂಟುಗಳಿಗೆ ಡಮ್ಮಿ (ತಾತ್ಕಾಲಿಕ ಮುಚ್ಚಳ) ಹಾಕಿ, ಕೈಪಂಪಿನಿಂದ 6 ಕೆಜಿ ಪ್ರೆಶರ್ ಕೊಟ್ಟು ಎರಡು ಗಂಟೆ ನೋಡಿ. ಗೇಜಿನ ಮುಳ್ಳು ಕದಲಬಾರದು. ಆಮೇಲೂ ಗೇಜ್ ಕೀಳಬೇಡಿ: 2 ಕೆಜಿ ಉಳಿಸಿಕೊಂಡೇ ಟೈಲ್ಸ್ ಹಾಕಿಸಿದರೆ, ಯಾರ ಮೊಳೆ ಪೈಪಿಗೆ ತಾಗಿದರೂ ಮುಳ್ಳು ಆಗಲೇ ಬೀಳುತ್ತದೆ. ಪ್ಲಾಸ್ಟರ್ ಮುಚ್ಚುವ ಮೊದಲು ಪ್ರತಿ ಗೋಡೆಗೂ ಟೇಪು ಬಿಚ್ಚಿ ಹಿಡಿದು ಫೋಟೋ ತೆಗೆದಿಡಿ. ಕನ್ನಡಿ, ಟವೆಲ್ ಕಂಬಿ ಹಾಕುವ ದಿನ ಡ್ರಿಲ್ ಹಿಡಿದು ಬರುವವರಿಗೆ ಅದನ್ನು ತೋರಿಸಬೇಕಾಗುತ್ತದೆ.